ಕಾರ್ನ್ ಡಾಗ್: ಜೋಳ ಯಾವುದು, ನಾಯಿ ಯಾವುದು?

ಮೊದಲು ನೇರವಾಗಿ ಉತ್ತರ ಹೇಳಿಬಿಡುತ್ತೇನೆ. ಕಾರ್ನ್ ಡಾಗ್‌ನಲ್ಲಿ ನಾಯಿ ಮಾಂಸ ಇಲ್ಲ. ನಾವು ಸುಟ್ಟು ತಿನ್ನುವ ಜೋಳದ ಕಾಳೂ ಇಲ್ಲ. ಒಂದು ಸಾಸೇಜಿಗೆ, ಅಂದರೆ ಅರೆದ ಮಾಂಸವನ್ನು ಕೊಳವೆಯ ಹಾಗೆ ಉದ್ದಕ್ಕೆ ತುಂಬಿ ಮಾಡಿದ್ದಕ್ಕೆ, ಉದ್ದಕ್ಕೆ ಕಡ್ಡಿ ಚುಚ್ಚಿ, ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಸಂಪಣದಲ್ಲಿ ಅದ್ದಿ, ಕಾದ ಎಣ್ಣೆಗೆ ಬಿಟ್ಟು, ಹೊಂಬಣ್ಣ ದಾಟಿ ಕಂದು ತಿರುಗುವವರೆಗೆ ಕರಿದರೆ ಅದೇ ಕಾರ್ನ್ ಡಾಗ್. ಮೇಲೆ ಹಳದಿ ಸಾಸಿವೆ ಸಾಸ್ ಒಂದು ಗೆರೆ. ಬೇಕಾದವರಿಗೆ ಕೆಚಪ್. ತಟ್ಟೆ ಬೇಡ, ಚಮಚ ಬೇಡ, ಕಡ್ಡಿ ಹಿಡಿದು ನಡೆಯುತ್ತಲೇ ತಿನ್ನಬಹುದು.

ಆದರೆ ಹೆಸರು ಕೇಳಿದವರಿಗೆ ಇಷ್ಟು ಸಾಕಾಗುವುದಿಲ್ಲ. ಅಮೆರಿಕಕ್ಕೆ ಓದಲು ಹೋದ ಹುಡುಗರು, ಮಗಳ ಮನೆಗೋ ಮಗನ ಮನೆಗೋ ಕೆಲವು ತಿಂಗಳು ಇರಲು ಹೋದ ಅಪ್ಪ ಅಮ್ಮ, ಅಲ್ಲಿನ ಜಾತ್ರೆಯಲ್ಲಿ ಈ ಬೋರ್ಡು ನೋಡಿ ಯೋಚನೆಗೆ ಬೀಳುತ್ತಾರೆ. ಮಾಂಸ ತಿನ್ನದವರು 'ಕಾರ್ನ್ ಅಂತ ಇದೆಯಲ್ಲ, ವೆಜ್ ಇರಬೇಕು' ಅಂದುಕೊಳ್ಳುತ್ತಾರೆ. ತಿನ್ನುವವರು 'ಡಾಗ್ ಅಂದ್ರೆ ಯಾವ ಮಾಂಸ' ಅಂತ ಅನುಮಾನ ಪಡುತ್ತಾರೆ. ಎರಡೂ ಸರಿಯಾದ ಪ್ರಶ್ನೆಗಳೇ. ಯಾಕೆಂದರೆ ಈ ಹೆಸರಿನ ಎರಡು ಪದಗಳೂ ತಮ್ಮ ಹಳೆಯ ಅರ್ಥ ಬಿಟ್ಟು ಬಹಳ ದೂರ ಬಂದಿವೆ. ಎರಡನ್ನೂ ಬೇರೆ ಬೇರೆಯಾಗಿ ಬಿಡಿಸಿ ನೋಡಿದರೆ ಮಾತ್ರ ಸರಿಯಾಗಿ ಅರ್ಥವಾಗುತ್ತದೆ.

ಗೊಂದಲದ ಬೇರು ಹೆಸರು ಕಟ್ಟಿರುವ ರೀತಿಯಲ್ಲೇ ಇದೆ. ಮೆಣಸಿನಕಾಯಿ ಬಜ್ಜಿ ಅಂದಾಗ ಮೊದಲ ಪದ ಒಳಗೆ ಏನಿದೆ ಅಂತ ಹೇಳುತ್ತದೆ. ಹೊರಗಿನ ಕಡಲೆಹಿಟ್ಟಿನ ಹೆಸರೇ ಅಲ್ಲಿ ಬರುವುದಿಲ್ಲ, ಅದು ಎಲ್ಲರಿಗೂ ಗೊತ್ತಿರುವುದೇ. ಕಾರ್ನ್ ಡಾಗ್‌ನಲ್ಲಿ ಇದು ತಿರುಗುಮುರುಗು. ಮೊದಲ ಪದ ಹೊರಗಿನ ಹಿಟ್ಟು, ಎರಡನೆಯ ಪದ ಒಳಗಿನ ಸಾಸೇಜು. ಬಜ್ಜಿಯ ಲೆಕ್ಕದಲ್ಲಿ ಓದಿದವರಿಗೆ ಒಳಗೆ ಜೋಳ ಇದೆ ಅನ್ನಿಸುವುದು ಸಹಜ.

ಈಗ ಕಾರ್ನ್ ಪದಕ್ಕೆ ಬರೋಣ. ಇಂಗ್ಲಿಷಿನಲ್ಲಿ ಹಿಂದೆ ಕಾರ್ನ್ ಅಂದರೆ ಸುಮ್ನೆ ಕಾಳು, ಧಾನ್ಯ. ಯಾವ ಸೀಮೆಯಲ್ಲಿ ಯಾವ ಬೆಳೆ ಜಾಸ್ತಿಯೋ ಅದೇ ಅಲ್ಲಿನ ಕಾರ್ನ್. ಇಂಗ್ಲೆಂಡಿನಲ್ಲಿ ಗೋಧಿ, ಸ್ಕಾಟ್ಲೆಂಡಿನಲ್ಲಿ ಓಟ್ಸ್. ಅಮೆರಿಕದಲ್ಲಿ ಹೋಗಿ ನೆಲೆಸಿದ ಇಂಗ್ಲಿಷರು ಅಲ್ಲಿನ ಮೂಲ ನಿವಾಸಿಗಳು ಬೆಳೆಯುತ್ತಿದ್ದ ಧಾನ್ಯಕ್ಕೆ 'ಇಂಡಿಯನ್ ಕಾರ್ನ್' ಅಂದರು. ಬರಬರುತ್ತಾ 'ಇಂಡಿಯನ್' ಉದುರಿಹೋಯಿತು, ಕಾರ್ನ್ ಮಾತ್ರ ಉಳಿಯಿತು. ನಮ್ಮಲ್ಲೂ ಹೆಚ್ಚುಕಡಿಮೆ ಇದೇ ನಡೆದಿದೆ, ಅಲ್ವಾ? ಜೋಳ ಅಂದರೆ ನಮಗೆ ಮೊದಲಿನಿಂದಲೂ ರೊಟ್ಟಿಯ ಜೋಳ. ಹೊರಗಿನಿಂದ ಬಂದ ಬೆಳೆಗೆ ಅದೇ ಪದ ಹಚ್ಚಿ ಮೆಕ್ಕೆಜೋಳ, ಗೋವಿನಜೋಳ, ಮುಸುಕಿನಜೋಳ ಅಂತ ಸೀಮೆಗೊಂದು ಹೆಸರು ಮಾಡಿಕೊಂಡೆವು. ನಮ್ಮ ಹಳೆಯ ಜೋಳ ತನ್ನ ಹೆಸರನ್ನು ಬಿಟ್ಟುಕೊಡಲಿಲ್ಲ. ಅಮೆರಿಕದಲ್ಲಿ ಹೊಸ ಬೆಳೆಯೇ ಇಡೀ ಪದವನ್ನು ತೆಗೆದುಕೊಂಡಿತು.

ಹಳೆಯ ಅರ್ಥ ಪೂರ್ತಿ ಸತ್ತಿಲ್ಲ. ಕಾರ್ನ್ಡ್ ಬೀಫ್ ಅಂತ ಒಂದು ಅಡುಗೆ ಇದೆ. ಅದರಲ್ಲೂ ಜೋಳ ಇರುವುದಿಲ್ಲ. ಕಾಳಿನಷ್ಟು ದಪ್ಪದ ಹರಳುಪ್ಪಿನಲ್ಲಿ ಊರಿಹಾಕಿದ ಗೋಮಾಂಸ ಅದು, ಆ ಉಪ್ಪಿನ ಕಾಳೇ ಅಲ್ಲಿನ ಕಾರ್ನ್. ಕಾರ್ನ್ ಅಂತ ಓದಿ ಧೈರ್ಯವಾಗಿ ತರಿಸಿಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಕಾರ್ನ್ ಡಾಗ್‌ನ ಕಾರ್ನ್ ಅಂದರೆ ಕಾರ್ನ್‌ಮೀಲ್. ಒಣಗಿದ ಮೆಕ್ಕೆಜೋಳವನ್ನು ಬೀಸಿದ ಹಿಟ್ಟು, ಸ್ವಲ್ಪ ತರಿತರಿ, ಹೆಚ್ಚಾಗಿ ಹಳದಿ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಇದೇ ಹಿಟ್ಟಿನಿಂದ ಕಾರ್ನ್‌ಬ್ರೆಡ್ ಮಾಡುತ್ತಾರೆ. ಮನೆಯಲ್ಲಿ ಮಾಡಲು ಹೋಗುವವರು ಒಂದು ಕಡೆ ಎಡವುತ್ತಾರೆ. ನಮ್ಮ ಅಂಗಡಿಗಳಲ್ಲಿ ಸಿಗುವ ಕಾರ್ನ್‌ಫ್ಲೋರ್ ಬೇರೆ. ಗೋಬಿ ಮಂಚೂರಿಗೆ, ಸೂಪಿಗೆ ಹಾಕುವ ಆ ಬಿಳಿ ನುಣ್ಣನೆಯ ಪುಡಿ ಮೆಕ್ಕೆಜೋಳದ ಪಿಷ್ಟ ಮಾತ್ರ. ಅಮೆರಿಕದವರು ಅದನ್ನು ಕಾರ್ನ್‌ಸ್ಟಾರ್ಚ್ ಅಂತಾರೆ, ನಾವು ಬ್ರಿಟಿಷರ ರೂಢಿಯಂತೆ ಕಾರ್ನ್‌ಫ್ಲೋರ್ ಅಂತೀವಿ. ಕಾರ್ನ್‌ಮೀಲ್ ಬದಲು ಅದನ್ನೇ ಕಲಸಿದರೆ ಹಳದಿ ಬಣ್ಣವೂ ಇಲ್ಲ, ಜೋಳದ ರುಚಿಯೂ ಇಲ್ಲ, ಮೇಲೆ ಬಿರುಸಾದ ಒಂದು ಪದರ ಮಾತ್ರ ಬರುತ್ತದೆ. ಕಿರಾಣಿ ಅಂಗಡಿಯಲ್ಲಿ ಮೆಕ್ಕೆಜೋಳದ ಹಿಟ್ಟು ಅಂತಲೇ ಕೇಳಬೇಕು. ಉತ್ತರ ಭಾರತದ ಸಾಮಾನು ಇಡುವ ಕಡೆ ಮಕ್ಕಿ ಆಟಾ ಅಂದರೆ ಕೊಡುತ್ತಾರೆ.

ಇನ್ನು ನಾಯಿ. ಇದರ ಕಥೆ ಜಾಸ್ತಿ ಉದ್ದ.

19ನೇ ಶತಮಾನದಲ್ಲಿ ಜರ್ಮನಿ ಕಡೆಯಿಂದ ಲಕ್ಷಾಂತರ ಜನ ಅಮೆರಿಕಕ್ಕೆ ಬಂದರು. ಬರುವಾಗ ತಮ್ಮ ಸಾಸೇಜುಗಳನ್ನೂ ತಂದರು. ಫ್ರಾಂಕ್‌ಫರ್ಟ್ ಊರಿನ ಹೆಸರಿನಿಂದ ಫ್ರಾಂಕ್‌ಫರ್ಟರ್ ಆಯಿತು. ವಿಯೆನ್ನಾ ಊರನ್ನು ಜರ್ಮನ್ ಭಾಷೆಯಲ್ಲಿ ವೀನ್ ಅನ್ನುತ್ತಾರೆ, ಅದರಿಂದ ವೀನರ್ ಆಯಿತು. ಅದೇ ಜರ್ಮನರ ಜೊತೆ ಉದ್ದ ಮೈ, ಗಿಡ್ಡ ಕಾಲಿನ ಡ್ಯಾಕ್ಸ್‌ಹುಂಡ್ ನಾಯಿಗಳೂ ಬಂದವು. ನೋಡಲು ಸಾಸೇಜಿನ ಹಾಗೇ ಇರುವ ನಾಯಿ. ಜೊತೆಗೆ ಒಂದು ಗುಮಾನಿಯೂ ಇತ್ತು. ಸಾಸೇಜು ಅಂದರೆ ನುಣ್ಣಗೆ ಅರೆದು ತುಂಬಿದ ಮಾಂಸ, ಅದರೊಳಗೆ ಯಾವುದರ ಮಾಂಸ ಸೇರಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಅಗ್ಗದ ಸಾಸೇಜಿಗೆ ನಾಯಿ ಮಾಂಸ ಬೆರೆಸುತ್ತಾರೆ ಅಂತ ಜನ ಆಡಿಕೊಳ್ಳುತ್ತಿದ್ದರು. ಆ ಗುಮಾನಿಯನ್ನೇ ಕಾಲೇಜು ಹುಡುಗರು ತಮಾಷೆಯಾಗಿ ಎತ್ತಿಕೊಂಡರು. ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪತ್ರಿಕೆಯಲ್ಲಿ 1895ರಲ್ಲೇ, ಬನ್ನಿನೊಳಗಿಟ್ಟ ಬಿಸಿ ಸಾಸೇಜಿಗೆ ಹಾಟ್ ಡಾಗ್ ಅನ್ನುವ ಮಾತು ಅಚ್ಚಾಗಿದೆ. ರಾತ್ರಿ ಹಾಸ್ಟೆಲಿನ ಹೊರಗೆ ಬಂದು ನಿಲ್ಲುತ್ತಿದ್ದ ಸಾಸೇಜಿನ ಗಾಡಿಗೆ ಅವರು ಡಾಗ್ ವ್ಯಾಗನ್ ಅನ್ನುತ್ತಿದ್ದರು.

ಇಲ್ಲಿ ಒಂದು ದಂತಕಥೆಯನ್ನು ಬದಿಗಿಡಬೇಕು. ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್ ಮೈದಾನದಲ್ಲಿ ಟ್ಯಾಡ್ ಡಾರ್ಗನ್ ಅನ್ನುವ ವ್ಯಂಗ್ಯಚಿತ್ರಕಾರ ಬೇಸ್‌ಬಾಲ್ ನೋಡುತ್ತಾ ಕೂತಿದ್ದನಂತೆ, ಸಾಸೇಜು ಮಾರುವವನ ಚಿತ್ರ ಬರೆದನಂತೆ, ಡ್ಯಾಕ್ಸ್‌ಹುಂಡ್ ಅಂತ ಬರೆಯಲು ಅಕ್ಷರ ಗೊತ್ತಾಗದೆ ಹಾಟ್ ಡಾಗ್ ಅಂತ ಬರೆದುಬಿಟ್ಟನಂತೆ. ಈ ಕಥೆ ನೂರು ಕಡೆ ಸಿಗುತ್ತದೆ. ಆದರೆ ಆ ಚಿತ್ರ ಮಾತ್ರ ಇವತ್ತಿನವರೆಗೂ ಯಾರ ಕೈಗೂ ಸಿಕ್ಕಿಲ್ಲ. ಕಥೆ ನಡೆಯಿತು ಅನ್ನುವ ಕಾಲಕ್ಕಿಂತ ಮೊದಲೇ ಪದ ಅಚ್ಚಿನಲ್ಲಿತ್ತು. ಹಾಗಾಗಿ ಇದನ್ನು ನಂಬಬೇಕಿಲ್ಲ.

ನಾಯಿಯ ಹೆಸರು ವ್ಯಾಪಾರಿಗಳಿಗೆ ಮೊದಮೊದಲು ಇರುಸುಮುರುಸು ತಂದಿತ್ತು. ನ್ಯೂಯಾರ್ಕಿನ ಕೋನಿ ಐಲೆಂಡ್ ಸಾಸೇಜಿಗೆ ಹೆಸರುವಾಸಿಯಾದ ಜಾಗ. ಅಲ್ಲಿನ ವಾಣಿಜ್ಯ ಮಂಡಳಿ 1913ರಲ್ಲಿ ಅಂಗಡಿ ಬೋರ್ಡುಗಳ ಮೇಲೆ ಹಾಟ್ ಡಾಗ್ ಅಂತ ಬರೆಯಬಾರದು ಅಂತ ನಿಷೇಧ ಹಾಕಿತು. ಗಿರಾಕಿಗಳು ನಿಜವಾಗಿಯೂ ನಾಯಿ ಮಾಂಸ ಅಂದುಕೊಂಡಾರು ಅನ್ನುವ ಭಯ. ನಿಷೇಧದಿಂದ ಏನೂ ಆಗಲಿಲ್ಲ. ಜನರ ಬಾಯಲ್ಲಿ ಪದ ನಿಂತಾಗಿತ್ತು. ನಿಧಾನಕ್ಕೆ 'ಹಾಟ್' ಇಲ್ಲದೆ ಬರೀ 'ಡಾಗ್' ಅಂದರೂ ಸಾಸೇಜು ಅಂತಲೇ ಅರ್ಥವಾಯಿತು. ಮೇಲೆ ಖಾರದ ಮಾಂಸದ ಗೊಜ್ಜು ಸುರಿದರೆ ಚಿಲಿ ಡಾಗ್. ಶಿಕಾಗೋ ಶೈಲಿಯಲ್ಲಿ ಉಪ್ಪುನೀರಲ್ಲಿ ನೆನೆಸಿದ ಸೌತೆಕಾಯಿ, ಟೊಮೇಟೊ ಜೋಡಿಸಿದರೆ ಶಿಕಾಗೋ ಡಾಗ್. ಮೆಕ್ಕೆಜೋಳದ ಹಿಟ್ಟು ಹೊದಿಸಿದರೆ ಕಾರ್ನ್ ಡಾಗ್. ಎಲ್ಲ ಒಂದೇ ಅಚ್ಚಿನ ಹೆಸರುಗಳು.

ಹಾಗಾದರೆ ಈ ತಿಂಡಿಯನ್ನು ಮೊದಲು ಮಾಡಿದವರು ಯಾರು? ಇದಕ್ಕೆ ಒಬ್ಬರನ್ನು ತೋರಿಸಲು ಆಗುವುದಿಲ್ಲ. ಹಕ್ಕು ಸಾಧಿಸುವವರು ಮೂರ್ನಾಲ್ಕು ಊರಿನಲ್ಲಿದ್ದಾರೆ. ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಇನ್ನೊಂದು ವಿಷಯ. ಅವರಲ್ಲಿ ಪ್ರತಿಯೊಬ್ಬರೂ ತಮ್ಮದೇ ಹೆಸರು ಇಟ್ಟರು, ಆ ಹೆಸರುಗಳೆಲ್ಲ ಅವರವರ ವ್ಯಾಪಾರದ ಸುತ್ತಲೇ ಉಳಿದವು, ಯಾರ ಸ್ವತ್ತೂ ಅಲ್ಲದ ಕಾರ್ನ್ ಡಾಗ್ ಅನ್ನುವ ಹೆಸರು ಮಾತ್ರ ದೇಶಕ್ಕೆಲ್ಲ ಹರಡಿತು.

1926ರ ಒಂದು ಹೋಟೆಲ್ ಸಾಮಾನಿನ ಕ್ಯಾಟಲಾಗಿನಲ್ಲಿ 'ಕ್ರಸ್ಟಿ ಕಾರ್ನ್ ಡಾಗ್' ಬೇಯಿಸುವ ಯಂತ್ರದ ಜಾಹೀರಾತು ಇದೆ. ಅದರಲ್ಲಿ ಎಣ್ಣೆಯಲ್ಲಿ ಕರಿಯುತ್ತಿರಲಿಲ್ಲ. ಸಾಸೇಜಿನ ಸುತ್ತ ಜೋಳದ ಹಿಟ್ಟು ಹುಯ್ದು ಅಚ್ಚಿನಲ್ಲಿ ಬೇಯಿಸುತ್ತಿದ್ದರು, ಬೆಂದ ಮೇಲೆ ನೋಡಲು ಜೋಳದ ತೆನೆಯ ಹಾಗೇ ಕಾಣುತ್ತಿತ್ತು. ಅಂದರೆ ಹೆಸರು ಆಗಲೇ ಇತ್ತು, ಇವತ್ತಿನ ತಿಂಡಿ ಇನ್ನೂ ಇರಲಿಲ್ಲ.

ಮಾರನೆಯ ವರ್ಷ ಇದರ ಉಲ್ಟಾ ನಡೆಯಿತು. ನ್ಯೂಯಾರ್ಕ್ ರಾಜ್ಯದ ಬಫಲೋ ಊರಿನ ಸ್ಟ್ಯಾನ್ಲಿ ಜೆಂಕಿನ್ಸ್ 1927ರಲ್ಲಿ ಒಂದು ಪೇಟೆಂಟಿಗೆ ಅರ್ಜಿ ಹಾಕಿದ. 1929ರಲ್ಲಿ ಅದು ಮಂಜೂರಾಯಿತು. ಕಡ್ಡಿಗೆ ಚುಚ್ಚಿದ ತಿನಿಸನ್ನು ಸಂಪಣದಲ್ಲಿ ಅದ್ದಿ, ಕಡ್ಡಿಯನ್ನು ಹಿಡಿದಿಟ್ಟುಕೊಂಡೇ ಎಣ್ಣೆಯಲ್ಲಿ ಕರಿಯುವ ಒಂದು ಸಲಕರಣೆಯ ಪೇಟೆಂಟ್ ಅದು. ಓದಲು ತುಂಬಾ ಸ್ವಾರಸ್ಯವಾಗಿದೆ. ಸಾಸೇಜು ಒಂದೇ ಅಲ್ಲ, ಬೇಯಿಸಿದ ಮೊಟ್ಟೆ, ಚೀಸ್, ಪೀಚ್ ಹಣ್ಣಿನ ಹೋಳು, ಅನಾನಸ್, ಬಾಳೆಹಣ್ಣು, ಖರ್ಜೂರ, ಅಂಜೂರ, ಸ್ಟ್ರಾಬೆರಿ, ಎಲ್ಲವನ್ನೂ ಕಡ್ಡಿಗೆ ಚುಚ್ಚಿ ಕರಿಯಬಹುದು ಅಂತ ಅವನು ಬರೆದಿದ್ದಾನೆ. ಎಣ್ಣೆಯ ಬಿಸಿ 390 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 199 ಡಿಗ್ರಿ ಸೆಲ್ಸಿಯಸ್ ಇರಬೇಕು ಅಂತಲೂ ಇದೆ. ಇವತ್ತಿನ ಜಾತ್ರೆಗಳಲ್ಲಿ ಕಾಣುವ ಕಡ್ಡಿ ತಿಂಡಿಗಳ ಸಾಲು ಪೂರ್ತಿ ಆ ಕಾಗದದಲ್ಲೇ ಇದೆ. ಹಿಟ್ಟಿನ ವಿಷಯಕ್ಕೆ ಬಂದರೆ ಅವನು ಹೇಳುವುದು ತಾನಾಗಿ ಉಬ್ಬುವ, ಸೋಡಾ ಬೆರೆಸಿದಂಥ ಹಿಟ್ಟು. ಹೀಗಾಗಿ ಅಲ್ಲಿ ಕಡ್ಡಿಯೂ ಇದೆ, ಕರಿಯುವುದೂ ಇದೆ, ಕಾರ್ನ್ ಡಾಗ್ ಅನ್ನುವ ಹೆಸರಿಲ್ಲ.

ಹೆಸರು ಮತ್ತು ತಿಂಡಿ ಒಂದಾಗಿದ್ದು ಜಾತ್ರೆಯಲ್ಲಿ. ಟೆಕ್ಸಸ್ ರಾಜ್ಯದ ಡಲ್ಲಾಸ್‌ನಲ್ಲಿ ಪ್ರತಿ ವರ್ಷ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ 24 ದಿನ ಸ್ಟೇಟ್ ಫೇರ್ ನಡೆಯುತ್ತದೆ. ಸ್ಟೇಟ್ ಫೇರ್ ಅಂದರೆ ಮೂಲದಲ್ಲಿ ರೈತರ ಮೇಳ. ದನಕರುಗಳ ಪ್ರದರ್ಶನ, ಬೆಳೆಗಳ ಸ್ಪರ್ಧೆ, ಜೊತೆಗೆ ತೊಟ್ಟಿಲು, ಆಟ, ತಿಂಡಿ. ದೇವರಿಲ್ಲದ ಜಾತ್ರೆ ಅಂದರೂ ನಡೆಯುತ್ತದೆ. ಕಾರ್ಲ್ ಮತ್ತು ನೀಲ್ ಫ್ಲೆಚರ್ ಅನ್ನುವ ಅಣ್ಣತಮ್ಮಂದಿರು ನಾಟಕದ ಕಂಪನಿಗಳಲ್ಲಿ ಹಾಡಿ ಕುಣಿದು ಬದುಕುತ್ತಿದ್ದವರು. 1938ರಿಂದ 1942ರ ನಡುವಿನಲ್ಲಿ ಅವರು ಈ ಮೇಳದಲ್ಲಿ ಕಡ್ಡಿಗೆ ಚುಚ್ಚಿ ಕರಿದ ಸಾಸೇಜು ಮಾರಲು ಶುರು ಮಾಡಿದರು. ಅವರಿಟ್ಟ ಹೆಸರು ಕಾರ್ನಿ ಡಾಗ್. ಇವತ್ತಿಗೂ ಅವರ ಮನೆತನದ ಅಂಗಡಿಯಲ್ಲಿ ಅದೇ ಹೆಸರು. ಒಂದು ಮೇಳದಲ್ಲಿ ಲಕ್ಷಗಟ್ಟಲೆ ಖರ್ಚಾಗುತ್ತವೆ. ಡಲ್ಲಾಸ್ ಸುತ್ತಮುತ್ತ ನಮ್ಮ ಕನ್ನಡದವರೂ ಬೇಕಾದಷ್ಟು ಜನ ಇದ್ದಾರೆ. ಅಲ್ಲಿನ ಮಕ್ಕಳಿಗೆ ದಸರಾ ಸಮಯ ಅಂದರೆ ಹೆಚ್ಚುಕಡಿಮೆ ಇದೇ ಮೇಳದ ಸಮಯ.

ಅದೇ ಹೊತ್ತಿನಲ್ಲಿ ದೇಶದ ಇನ್ನೊಂದು ತುದಿಯಲ್ಲಿ, ಆರೆಗಾನ್ ರಾಜ್ಯದ ಸಮುದ್ರದಂಡೆಯ ರಾಕವೇ ಬೀಚ್‌ನಲ್ಲಿ, ಜಾರ್ಜ್ ಮತ್ತು ವರ್ಸಾ ಬಾಯಿಂಗ್ಟನ್ ದಂಪತಿ ಹಾಟ್ ಡಾಗ್ ಅಂಗಡಿ ಇಟ್ಟಿದ್ದರು. ಅವರ ಮನೆಯವರು ಹೇಳುವ ಪ್ರಕಾರ ರಜಾ ದಿನಗಳಲ್ಲಿ ಮಳೆ ಹಿಡಿದು ಬನ್ನುಗಳೆಲ್ಲ ನೆನೆದು ಹಾಳಾದವು. ಮೊದಲೇ ಬನ್ನು ತಂದಿಡುವ ಬದಲು, ಗಿರಾಕಿ ಬಂದಾಗಲೇ ಸಾಸೇಜಿನ ಸುತ್ತ ಬನ್ನನ್ನು ಬೇಯಿಸಿಕೊಟ್ಟರೆ ಹೇಗೆ ಅನ್ನುವ ಯೋಚನೆ ಅಲ್ಲಿಂದ ಹುಟ್ಟಿತು. ಅವರು ಇಟ್ಟ ಹೆಸರು ಪ್ರಾಂಟೊ ಪಪ್. ಪ್ರಾಂಟೊ ಅಂದರೆ ತಕ್ಷಣ, ಪಪ್ ಅಂದರೆ ನಾಯಿಮರಿ. ಬೇಗ ಸಿಗುವ ಪುಟ್ಟ ಹಾಟ್ ಡಾಗ್ ಅಂತ ಅರ್ಥ.

ಪ್ರಾಂಟೊ ಪಪ್ ಮತ್ತು ಕಾರ್ನ್ ಡಾಗ್ ಒಂದೇನಾ ಅಂತ ಮಿನೆಸೋಟ ರಾಜ್ಯದಲ್ಲಿ ಕೇಳಿದರೆ ಜೋರು ಚರ್ಚೆ ಶುರುವಾಗುತ್ತದೆ. ಅಲ್ಲಿನ ಸ್ಟೇಟ್ ಫೇರಿನಲ್ಲಿ 1947ರಿಂದ ಪ್ರಾಂಟೊ ಪಪ್ ಮಾರುತ್ತಿದ್ದಾರೆ, ಕಾರ್ನ್ ಡಾಗ್ ಅಂಗಡಿಗಳೂ ಬೇರೆ ಇವೆ. ಕಾರ್ನ್ ಡಾಗ್‌ನ ಹೊದಿಕೆ ಸಿಹಿ, ದಪ್ಪ, ಜೋಳದ ತರಿ ಹಲ್ಲಿಗೆ ಸಿಗುವಂಥದ್ದು. ಪ್ರಾಂಟೊ ಪಪ್‌ನ ಹೊದಿಕೆ ಪ್ಯಾನ್‌ಕೇಕ್ ಹಿಟ್ಟಿಗೆ ಹತ್ತಿರ, ತೆಳು, ಸಿಹಿ ಕಡಿಮೆ. ಹೊರಗಿನವರಿಗೆ ಎರಡೂ ಒಂದೇ ಕಂಡರೂ ಅಲ್ಲಿನವರಿಗೆ ಇದು ಸಣ್ಣ ವ್ಯತ್ಯಾಸ ಅಲ್ಲ. ನನ್ನ ಪ್ರಕಾರ ಅವರು ಹೇಳುವುದು ಸರಿ. ಹೊದಿಕೆಯ ಹಿಟ್ಟಿನಿಂದಲೇ ಹೆಸರು ಪಡೆದ ತಿಂಡಿಯಲ್ಲಿ ಹಿಟ್ಟು ಬದಲಾದರೆ ಹೆಸರೂ ಬದಲಾಗಬೇಕಾದ್ದೇ.

ನನಗೆ ತುಂಬಾ ಇಷ್ಟವಾಗುವ ಕಥೆ ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಊರಿನದ್ದು. ಎಡ್ ವಾಲ್ಡ್‌ಮೈರ್ ಒಕ್ಲಹೋಮದ ಒಂದು ಕಡೆ ಜೋಳದ ಹಿಟ್ಟಿನಲ್ಲಿ ಬೇಯಿಸಿದ ಸಾಸೇಜು ತಿಂದಿದ್ದ. ರುಚಿ ಇಷ್ಟವಾಯಿತು, ಆದರೆ ಬೇಯಲು ಬಹಳ ಹೊತ್ತು ಹಿಡಿಯುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವನು ಟೆಕ್ಸಸ್‌ನ ಅಮರಿಲೋ ವಾಯುನೆಲೆಯಲ್ಲಿದ್ದಾಗ ಒಬ್ಬ ಗೆಳೆಯ ಸಾಸೇಜಿಗೆ ಸರಿಯಾಗಿ ಅಂಟುವ ಸಂಪಣದ ಹದ ಕಂಡುಹಿಡಿದುಕೊಟ್ಟ. ಎಡ್ ಅದನ್ನು ಕರಿದು ಸೈನಿಕರಿಗೆ ಮಾರಿದ. ಅವನಿಟ್ಟ ಹೆಸರು ಕ್ರಸ್ಟಿ ಕರ್. ಕರ್ ಅಂದರೆ ಕಂತ್ರಿ ನಾಯಿ. ಗರಿಗರಿ ಕಂತ್ರಿ ನಾಯಿ! ಸೈನಿಕರು ನಕ್ಕು ತಿಂದರು. ಯುದ್ಧ ಮುಗಿದು ಊರಿಗೆ ಬಂದು ಅಂಗಡಿ ಹಾಕುವಾಗ ಹೆಂಡತಿ ವರ್ಜಿನಿಯಾ, ಇಂಥ ಹೆಸರಿನ ತಿಂಡಿಯನ್ನು ಯಾರು ತಿನ್ನುತ್ತಾರೆ ಅಂತ ಒಪ್ಪಲಿಲ್ಲ. ಅವಳಿಂದಲೇ ಅದು ಕೋಜಿ ಡಾಗ್ ಆಯಿತು. ಕೋಜಿ ಅಂದರೆ ಬೆಚ್ಚಗೆ, ಹಿತವಾಗಿ. ಅಂಗಡಿಯ ಗುರುತಿನ ಚಿತ್ರದಲ್ಲಿ ಎರಡು ಹಾಟ್ ಡಾಗ್‌ಗಳು ತಬ್ಬಿಕೊಂಡಿರುತ್ತವೆ. 1946ರಲ್ಲಿ ಮಾರಾಟ ಶುರುವಾದ ಕೋಜಿ ಡಾಗ್ ಇವತ್ತಿಗೂ ಹಳೆಯ ರೂಟ್ 66 ಹೆದ್ದಾರಿಯ ಪಕ್ಕದಲ್ಲಿ ಸಿಗುತ್ತದೆ.

ಪಪ್, ಕರ್, ಡಾಗ್ ಎಲ್ಲವೂ ನಾಯಿಯೇ. ಒಬ್ಬೊಬ್ಬ ವ್ಯಾಪಾರಿ ಒಂದೊಂದು ನಾಯಿ ಆರಿಸಿಕೊಂಡ. ಆದರೆ ಪ್ರಾಂಟೊ ಪಪ್ ಅಂತ ಬೇರೆಯವರು ಬೋರ್ಡು ಹಾಕುವ ಹಾಗಿಲ್ಲ, ಅದು ನೋಂದಾಯಿಸಿದ ಹೆಸರು. ಹೊಸದಾಗಿ ಅಂಗಡಿ ಇಡುವವನಿಗೆ, ಫ್ರೀಜರ್ ಪೊಟ್ಟಣದಲ್ಲಿ ಮಾರುವ ಕಂಪನಿಗೆ, ಶಾಲೆಯ ಊಟದ ಪಟ್ಟಿ ಬರೆಯುವವರಿಗೆ ಯಾರ ತಕರಾರೂ ಇಲ್ಲದ ಹೆಸರು ಬೇಕಿತ್ತು. ಕಾರ್ನ್ ಡಾಗ್ ಹಾಗೆ ಉಳಿದುಕೊಂಡ ಹೆಸರು ಅಂತ ನನಗನ್ನಿಸುತ್ತದೆ.

ಮಾಡುವ ಬಗೆಯನ್ನೂ ಒಂದಿಷ್ಟು ಹತ್ತಿರದಿಂದ ನೋಡೋಣ, ಯಾಕೆಂದರೆ ಹೆಸರಿನ ಎರಡು ಭಾಗ ಅಂಟಿಕೊಳ್ಳುವುದು ಇಲ್ಲೇ. ಸಾಸೇಜು ಮೊದಲೇ ಬೆಂದಿರುತ್ತದೆ. ಅದರ ಮೈ ಜಿಡ್ಡು ಜಿಡ್ಡು, ಒದ್ದೆ ಒದ್ದೆ. ಹಾಗೇ ಅದ್ದಿದರೆ ಸಂಪಣ ಜಾರಿಬಿಡುತ್ತದೆ. ಅದಕ್ಕೆ ಮೊದಲು ಬಟ್ಟೆಯಿಂದಲೋ ಕಾಗದದಿಂದಲೋ ಒರೆಸಿ, ಒಣ ಹಿಟ್ಟಿನಲ್ಲಿ ಒಂದು ಸಲ ಹೊರಳಿಸಿ ಕೊಡವುತ್ತಾರೆ. ಸಂಪಣವನ್ನು ಅಗಲ ಪಾತ್ರೆಯಲ್ಲಿ ಇಡುವುದಿಲ್ಲ, ಎತ್ತರದ ಲೋಟದಲ್ಲೋ ಜಾಡಿಯಲ್ಲೋ ಹುಯ್ದಿರುತ್ತಾರೆ. ಕಡ್ಡಿ ಹಿಡಿದು ಸಾಸೇಜನ್ನು ನೆಟ್ಟಗೆ ಕೆಳಗಿಳಿಸಿ, ತಿರುಗಿಸುತ್ತಾ ಮೇಲೆತ್ತಿದರೆ ಸುತ್ತ ಒಂದೇ ಸಮ ಹಿಟ್ಟು ಹಿಡಿಯುತ್ತದೆ. ಎಣ್ಣೆಗೆ ಒಮ್ಮೆಲೇ ಬಿಡುವುದಿಲ್ಲ. ಒಂದೆರಡು ಕ್ಷಣ ಕಡ್ಡಿ ಹಿಡಿದುಕೊಂಡೇ ಇದ್ದು, ಹೊರಮೈ ಗಟ್ಟಿಯಾದ ಮೇಲೆ ಬಿಡುತ್ತಾರೆ. ಇಲ್ಲದಿದ್ದರೆ ತಳಕ್ಕೆ ಅಂಟುತ್ತದೆ. ಎಣ್ಣೆ 175ರಿಂದ 190 ಡಿಗ್ರಿ ಸೆಲ್ಸಿಯಸ್ ಇದ್ದರೆ ಮೂರ್ನಾಲ್ಕು ನಿಮಿಷದಲ್ಲಿ ಆಗಿಹೋಗುತ್ತದೆ. ಬರೀ ಮೆಕ್ಕೆಜೋಳದ ಹಿಟ್ಟಿಗೆ ಹಿಡಿತ ಇಲ್ಲ, ಪುಡಿಪುಡಿಯಾಗಿ ಉದುರುತ್ತದೆ. ಆದ್ದರಿಂದ ಮೈದಾ ಸೇರಿಸಲೇಬೇಕು. ಜೊತೆಗೆ ಮೊಟ್ಟೆ, ಹಾಲು ಅಥವಾ ಮಜ್ಜಿಗೆ, ಉಬ್ಬಲು ಬೇಕಿಂಗ್ ಪೌಡರ್, ಸ್ವಲ್ಪ ಸಕ್ಕರೆ. ಆ ಕಂದು ಬಣ್ಣಕ್ಕೆ ಸಕ್ಕರೆಯ ಪಾಲೂ ಇದೆ. ಸಿಹಿ ಹೊದಿಕೆ, ಉಪ್ಪುಪ್ಪಾದ ಸಾಸೇಜು, ಮೇಲೆ ಹುಳಿ ಸಾಸಿವೆ, ಮೂರೂ ಒಂದೇ ಕಡಿತದಲ್ಲಿ ಸಿಗುತ್ತವೆ. ಜನ ಸಾಲು ನಿಲ್ಲುವುದು ಇದಕ್ಕೇ.

ಕಾರ್ನ್ ಡಾಗ್ ಅನ್ನುವ ಹೆಸರು ಅಮೆರಿಕದ ಗಡಿ ದಾಟಿದರೆ ಕೆಲಸಕ್ಕೆ ಬರುವುದು ಕಡಿಮೆ. ಪಕ್ಕದ ಕೆನಡಾದಲ್ಲಿ ಇದನ್ನು ಪೋಗೋ ಅನ್ನುತ್ತಾರೆ. ಅದು ಒಂದು ಬ್ರ್ಯಾಂಡಿನ ಹೆಸರು, ಅಲ್ಲಿ ತಿಂಡಿಯ ಹೆಸರೇ ಆಗಿಹೋಗಿದೆ. ಆಸ್ಟ್ರೇಲಿಯಾದ ಮೇಳಗಳಲ್ಲಿ ಡ್ಯಾಗ್‌ವುಡ್ ಡಾಗ್, ಕೆಲವು ಕಡೆ ಪ್ಲೂಟೊ ಪಪ್, ಇನ್ನು ಕೆಲವು ಕಡೆ ಡಿಪ್ಪಿ ಡಾಗ್. ಅಲ್ಲಿನ ಹೊದಿಕೆಯಲ್ಲಿ ಹೆಚ್ಚಾಗಿ ಗೋಧಿ ಹಿಟ್ಟೇ ಇರುತ್ತದೆ, ಹಾಗಾಗಿ ಹೆಸರಿನಲ್ಲಿ ಜೋಳ ಇಲ್ಲದಿರುವುದೂ ಸರಿಯೇ. ನ್ಯೂಜಿಲೆಂಡಿನಲ್ಲಿ ಗೊಂದಲ ಇನ್ನೂ ಜಾಸ್ತಿ. ಅಲ್ಲಿ ಸುಮ್ನೆ ಹಾಟ್ ಡಾಗ್ ಅಂತ ಕೇಳಿದರೆ ಕಡ್ಡಿಗೆ ಚುಚ್ಚಿ ಕರಿದದ್ದನ್ನೇ ಕೊಡುತ್ತಾರೆ. ಬನ್ನಿನೊಳಗಿನ ಸಾಸೇಜು ಬೇಕಿದ್ದರೆ ಅಮೆರಿಕನ್ ಹಾಟ್ ಡಾಗ್ ಅಂತ ಬಿಡಿಸಿ ಹೇಳಬೇಕು. ಜಪಾನಿನಲ್ಲಿ ಇದರ ಹೆಸರು ಅಮೆರಿಕನ್ ಡಾಗ್. ಬೀದಿಗೊಂದು ಇರುವ ಚಿಕ್ಕ ಅಂಗಡಿಗಳಲ್ಲಿ ಬಿಸಿ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ಅದೇ ಜಪಾನಿನ ಉತ್ತರದ ಹೊಕ್ಕೈಡೊದಲ್ಲಿ ಫ್ರೆಂಚ್ ಡಾಗ್ ಅಂತಲೂ ಅನ್ನುತ್ತಾರೆ, ಅಲ್ಲಿನ ಪೂರ್ವ ಭಾಗದವರು ಸಕ್ಕರೆ ಹೊರಳಿಸಿ ತಿನ್ನುತ್ತಾರೆ.

ಕೊರಿಯಾದ್ದು ಬೇರೆಯೇ ದಾರಿ. ಅಲ್ಲೂ ಇದನ್ನು ಕರೆಯುವುದು ಹಾಟ್ ಡಾಗ್ ಅಂತಲೇ. ಹೊದಿಕೆಗೆ ಮೈದಾ, ಕೆಲವು ಅಂಗಡಿಗಳಲ್ಲಿ ಅಕ್ಕಿ ಹಿಟ್ಟು. ಒಳಗೆ ಅರ್ಧ ಸಾಸೇಜು, ಅರ್ಧ ಮೊಜರೆಲ್ಲಾ ಚೀಸ್, ಅಥವಾ ಪೂರ್ತಿ ಚೀಸ್. ಹೊರಗೆ ಆಲೂಗಡ್ಡೆಯ ಸಣ್ಣ ಸಣ್ಣ ಚೌಕ ಹೋಳುಗಳು, ಬ್ರೆಡ್ ಪುಡಿ, ಮೇಲೆ ಸಕ್ಕರೆ. ಕಚ್ಚಿ ಎಳೆದರೆ ಚೀಸ್ ಗೇಣುದ್ದ ಬರುತ್ತದೆ, ಮೊಬೈಲಿನ ಪುಟ್ಟ ವಿಡಿಯೋಗಳಲ್ಲಿ ಅದು ಸಿಕ್ಕಾಪಟ್ಟೆ ಓಡಿತು. ಕೊರಿಯಾದ ಅಂಗಡಿಗಳು ಅಮೆರಿಕಕ್ಕೆ ಬಂದಾಗ ಹಾಟ್ ಡಾಗ್ ಅಂತ ಬೋರ್ಡು ಹಾಕಿದರೆ ಅಲ್ಲಿನವರು ಬನ್ನು ಕೇಳುತ್ತಾರೆ. ಹಾಗಾಗಿ ಇಂಗ್ಲಿಷಿನಲ್ಲಿ ಕೊರಿಯನ್ ಕಾರ್ನ್ ಡಾಗ್ ಅನ್ನುವ ಹೆಸರು ನಿಂತಿತು. ಬೆಂಗಳೂರಿನ ಕೊರಿಯನ್ ತಿಂಡಿಯ ಅಂಗಡಿಗಳಲ್ಲಿ ಈಗ ಕಾಣುವುದು ಈ ಜಾತಿಯದ್ದು. ಚೀಸ್ ಮಾತ್ರ ಇರುವ, ಮೈದಾ ಹೊದಿಸಿದ ಒಂದನ್ನು ಕೈಗೆ ತೆಗೆದುಕೊಂಡರೆ ಅದರಲ್ಲಿ ಕಾರ್ನೂ ಇಲ್ಲ, ಡಾಗೂ ಇಲ್ಲ. ಹೆಸರು ಮಾತ್ರ ಕಾರ್ನ್ ಡಾಗ್. ಕಡ್ಡಿಗೆ ಚುಚ್ಚಿ, ಹಿಟ್ಟು ಹೊದಿಸಿ ಕರಿದ ಯಾವುದಕ್ಕಾದರೂ ಸಲ್ಲುವ ಹೆಸರಾಗಿ ಅದು ಬದಲಾಗುತ್ತಿದೆ.

ಮಾತಿನಲ್ಲಿ ಬಳಸುವಾಗ ಒಂದೆರಡು ವಿಷಯ ಗೊತ್ತಿರಲಿ. ಇಂಗ್ಲಿಷಿನಲ್ಲಿ ಒತ್ತು ಬೀಳುವುದು ಕಾರ್ನ್ ಮೇಲೆ. ಡಾಗ್ ಮೇಲೆ ಒತ್ತಿ ಹೇಳಿದರೆ ಅಲ್ಲಿನವರ ಕಿವಿಗೆ ಬೇರೆ ಥರ ಕೇಳುತ್ತದೆ. ಬರೆಯುವಾಗ ಎರಡು ಪದವಾಗಿ ಬಿಡಿಸಿ ಬರೆಯುವುದು ನಿಘಂಟಿನ ರೂಢಿ, ಕೂಡಿಸಿ ಬರೆಯುವವರೂ ತುಂಬಾ ಇದ್ದಾರೆ. ಹಾಟ್ ಡಾಗ್‌ಗೆ ತಿಂಡಿಯಲ್ಲದ ಅರ್ಥಗಳೂ ಇವೆ. ಖುಷಿಯಾದಾಗ ಕೂಗುವ ಉದ್ಗಾರ ಅದು, ಅಲೆಯ ಮೇಲೋ ಹಿಮದ ಮೇಲೋ ಮೆರೆಯುತ್ತಾ ಕಸರತ್ತು ಮಾಡುವುದಕ್ಕೂ ಹಾಟ್ ಡಾಗ್ ಮಾಡುವುದು ಅನ್ನುತ್ತಾರೆ. ಕಾರ್ನ್ ಡಾಗ್‌ಗೆ ಅಷ್ಟು ಅರ್ಥಗಳು ಬೆಳೆದಿಲ್ಲ. ಒಂದು ಕಡೆ ಮಾತ್ರ ಹುಷಾರಾಗಿರಬೇಕು. ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಅಭಿಮಾನಿಗಳು ಕಾರ್ನ್ ಡಾಗ್ ವಾಸನೆ ಹೊಡೆಯುತ್ತಾರೆ ಅಂತ ಎದುರಾಳಿ ತಂಡದವರು ಬಹಳ ಕಾಲದಿಂದ ಛೇಡಿಸುತ್ತಾರೆ. ಅಲ್ಲಿ ಓದುವ ಕನ್ನಡದ ಮಕ್ಕಳ ಕಿವಿಗೂ ಈ ಮಾತು ಬೀಳಬಹುದು, ಅದು ತಿಂಡಿಯ ವಿಷಯ ಅಲ್ಲ, ಆಟದ ಜಗಳ. ಇನ್ನು ಐಯೊವಾ ಸ್ಟೇಟ್ ಫೇರಿಗೆ ಅಧ್ಯಕ್ಷ ಸ್ಥಾನದ ಅಭ್ಯರ್ಥಿಗಳು ಮತ ಕೇಳಲು ಬಂದಾಗ ಕಡ್ಡಿ ತಿಂಡಿ ಹಿಡಿದು ತಿನ್ನುವುದು ಒಂದು ಪದ್ಧತಿಯೇ ಆಗಿದೆ. ಕ್ಯಾಮೆರಾಗಳು ಕಾಯುತ್ತಿರುತ್ತವೆ.

ಕೊನೆಗೆ, ತಿನ್ನಲು ಹೊರಟವರಿಗೆ. ಡಾಗ್ ಅಂದರೆ ಸಾಸೇಜು ಅಂತ ಗೊತ್ತಾಯಿತು. ಆದರೆ ಯಾವ ಮಾಂಸದ್ದು ಅಂತ ಆ ಪದ ಹೇಳುವುದಿಲ್ಲ. ಗೋಮಾಂಸ, ಹಂದಿ, ಕೋಳಿ, ಟರ್ಕಿ ಕೋಳಿ, ಅಥವಾ ಇವುಗಳ ಬೆರಕೆ, ಏನು ಬೇಕಾದರೂ ಇರಬಹುದು. ಅಗ್ಗದ ಫ್ರೀಜರ್ ಪೊಟ್ಟಣಗಳಲ್ಲಿ ಹೆಚ್ಚಾಗಿ ಬೆರಕೆಯೇ. ಆಲ್ ಬೀಫ್ ಅಂತ ಬರೆದಿದ್ದರೆ ಪೂರ್ತಿ ಗೋಮಾಂಸ. ಗೋಮಾಂಸವನ್ನೋ ಹಂದಿಯನ್ನೋ ಬಿಟ್ಟವರು ಪೊಟ್ಟಣದ ಹಿಂದಿನ ಪಟ್ಟಿ ಓದಬೇಕು, ಅಲ್ಲಿ ಪ್ರಾಣಿಯ ಹೆಸರು ಬರೆದಿರುತ್ತಾರೆ. ಮೇಳದ ಅಂಗಡಿಯಲ್ಲಾದರೆ ಬಾಯಿಬಿಟ್ಟು ಕೇಳಬೇಕು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಮ್ಮ 'ವೆಜ್' ಅನ್ನುವ ಮಾತು ಅಲ್ಲಿ ಎಲ್ಲರಿಗೂ ತಿಳಿಯುವುದಿಲ್ಲ, ವೆಜಿಟೇರಿಯನ್ ಅಂತ ಪೂರ್ತಿ ಹೇಳಿ. ಸೋಯಾ ಮುಂತಾದವುಗಳಿಂದ ಮಾಡಿದ ಸಾಸೇಜು ಹಾಕಿದ ಕಾರ್ನ್ ಡಾಗ್ ಸಿಗುತ್ತದೆ, ಕೆಲವು ಅಂಗಡಿಗಳಲ್ಲಿ ಸಾಸೇಜಿನ ಬದಲು ಚೀಸ್ ತುಂಡಿಗೆ ಹಿಟ್ಟು ಹೊದಿಸಿಯೂ ಕೊಡುತ್ತಾರೆ. ಆದರೆ ಹೊದಿಕೆಯ ಸಂಪಣಕ್ಕೆ ಮೊಟ್ಟೆ ಹಾಕುವುದು ಅಲ್ಲಿ ಮಾಮೂಲು, ಅದೇ ಬಾಣಲೆಯ ಎಣ್ಣೆಯಲ್ಲಿ ಮಾಂಸದ್ದನ್ನೂ ಕರಿದಿರುತ್ತಾರೆ. ಇದು ನಡೆಯುವುದಿಲ್ಲ ಅನ್ನುವವರು ಎರಡನ್ನೂ ಕೇಳಿಕೊಳ್ಳಬೇಕು. ಗೋಧಿ ಒಗ್ಗದವರು ಕಾರ್ನ್ ಅನ್ನುವ ಪದ ನೋಡಿ ತಿನ್ನುವಂತಿಲ್ಲ, ಮೈದಾ ಇದ್ದೇ ಇರುತ್ತದೆ. ಗ್ಲುಟೆನ್ (ಗೋಧಿಯಲ್ಲಿರುವ ಅಂಟು) ಇಲ್ಲ ಅಂತ ಬೇರೆಯಾಗಿ ಬರೆದಿದ್ದರೆ ಮಾತ್ರ ತೆಗೆದುಕೊಳ್ಳಿ.